ಸಿನಿಮಾ ನೋಡುವ ಕಂಪ್ಯೂಟರಿಗೆ ಎಂಥ ಗ್ರಾಫಿಕ್ಸ್ ಕಾರ್ಡ್ ಬೇಕು

ಟಿವಿಗೆ ಜೋಡಿಸಿ ಸಿನಿಮಾ, ಯೂಟ್ಯೂಬ್ ನೋಡುವುದಕ್ಕೆ, ಹಾಡು ಕೇಳುವುದಕ್ಕೆಂದೇ ಇಟ್ಟುಕೊಂಡ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ, ಅಂಗಡಿಯವರು ಮೊದಲು ಕೇಳುವುದು ‘ಎಷ್ಟು ಜಿಬಿ ಬೇಕು?’ ಎಂದು. ಆಟ ಆಡದ ಯಂತ್ರದ ಮಟ್ಟಿಗೆ ಕಾರ್ಡಿನ ಮೆಮೊರಿ ಕುರಿತ ಈ ಪ್ರಶ್ನೆಗೆ ಹೆಚ್ಚಿನ ಅರ್ಥವಿಲ್ಲ. ನಾವು ತಿಳಿಯಬೇಕಾದದ್ದು ಆ ಕಾರ್ಡಿನೊಳಗಿನ ವಿಡಿಯೊ ಡಿಕೋಡರ್ ಯಾವ ಯಾವ ಕೋಡೆಕ್‌ಗಳನ್ನು (ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳನ್ನು) ಬಿಡಿಸಬಲ್ಲದು, ಮತ್ತು ಟಿವಿಗೆ ತಂತಿ ಜೋಡಿಸುವ ಅದರ ಎಚ್‌ಡಿಎಂಐ ಯಾವ ಆವೃತ್ತಿಯದು ಎಂಬ ಎರಡು ಸಂಗತಿಗಳನ್ನು.

ಡಿಕೋಡರ್ ಎನ್ನುವುದು ಆಟದ ಚಿತ್ರಗಳನ್ನು ರಚಿಸುವ ಕೋರ್‌ಗಳಿಂದ ಬೇರೆಯಾದ, ಚಿಪ್ಪಿನ ಒಂದು ಮೂಲೆಯಲ್ಲಿರುವ ಪ್ರತ್ಯೇಕ ಮಂಡಲ. ಅದಕ್ಕೆ ಗೊತ್ತಿರುವ ಕೋಡೆಕ್ ಬಂದರೆ ಕೆಲವೇ ವ್ಯಾಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಗೊತ್ತಿಲ್ಲದ್ದು ಬಂದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಹಳೆಯ ಎಚ್.264 ಎಲ್ಲ ಕಾರ್ಡುಗಳಿಗೂ ಗೊತ್ತು. 2013ರಲ್ಲಿ ಬಂದ ಎಚ್‌ಇವಿಸಿ, ಯೂಟ್ಯೂಬ್ ಬಳಸುವ ವಿಪಿ9, 2018ರ ಎವಿ1, ಈ ಮೂರರಲ್ಲಿ ಕಾರ್ಡುಗಳ ನಿಜವಾದ ತಾರತಮ್ಯ ಕಾಣುತ್ತದೆ.

ನಮ್ಮ ಮನೆಯಲ್ಲಿರುವುದು ಕಚೇರಿಯೊಂದರಿಂದ ಹೊರಬಂದ, ನಾಲ್ಕನೆಯ ತಲೆಮಾರಿನ ಇಂಟೆಲ್ ಐ5 ಇರುವ ತೆಳ್ಳನೆಯ ಡೆಸ್ಕ್‌ಟಾಪ್. ಉಳಿದೆಲ್ಲ ಕೆಲಸಕ್ಕೂ ಅದು ಇಂದಿಗೂ ಗಟ್ಟಿ. ಆದರೆ 10 ಬಿಟ್‌ನ 4ಕೆ ಎಚ್‌ಇವಿಸಿ ಕಡತವೊಂದನ್ನು ಹಾಕಿದರೆ ನಾಲ್ಕೂ ಕೋರ್‌ಗಳು ತುಂಬಿ, ಫ್ಯಾನ್ ಸದ್ದು ಸಂಭಾಷಣೆಯನ್ನೇ ನುಂಗಿ, ದೃಶ್ಯ ಮಾತಿಗಿಂತ ಹಿಂದೆ ಬೀಳುತ್ತಿತ್ತು. ಇಂಥ ಯಂತ್ರಕ್ಕೆ ಕಾರ್ಡ್ ಬೇಕೇ ಬೇಕು. ನಿಮ್ಮ ಪ್ರೊಸೆಸರ್ ಏಳನೆಯ ತಲೆಮಾರಿನ ಇಂಟೆಲ್ ಅಥವಾ ಅದಕ್ಕಿಂತ ಹೊಸದಾಗಿದ್ದು ಅದರೊಳಗೇ ಗ್ರಾಫಿಕ್ಸ್ ಇದ್ದರೆ, ಎಚ್‌ಇವಿಸಿ ಮತ್ತು ವಿಪಿ9 ಎರಡನ್ನೂ ಅದೇ ನಿಭಾಯಿಸುತ್ತದೆ. ಹನ್ನೊಂದನೆಯ ತಲೆಮಾರಿನ ಹೊಸ ಗ್ರಾಫಿಕ್ಸ್ ಇದ್ದರೆ ಎವಿ1 ಕೂಡ ಆಯಿತು. ಅಂಥವರು ಕಾರ್ಡಿಗೆ ಹಣ ಹಾಕಬೇಕಾಗಿಲ್ಲ.

ಇನ್ನು ಕಾರ್ಡುಗಳ ವಿಚಾರ. ಎನ್‌ವಿಡಿಯಾದ ಜಿಟಿ 710 ಮತ್ತು ಜಿಟಿ 730 ಅಗ್ಗವೆಂಬ ಕಾರಣಕ್ಕೆ ಕೈಗೆ ಬರುತ್ತವೆ, ಡಬ್ಬಿಯ ಮೇಲೆ ಜಿಬಿಯ ಅಂಕಿ ದೊಡ್ಡದಾಗಿ ಇರುತ್ತದೆ. ಆದರೆ ಎರಡಕ್ಕೂ ಎಚ್‌ಇವಿಸಿ ಬರುವುದಿಲ್ಲ, ಎಚ್‌ಡಿಎಂಐ 1.4ರ ಮಟ್ಟದ್ದಾದ್ದರಿಂದ ಪೂರ್ಣ ಬಣ್ಣದ 4ಕೆ ಚಿತ್ರ ಸೆಕೆಂಡಿಗೆ 30 ಬಾರಿಗಿಂತ ಹೆಚ್ಚು ಸಿಗದು. ಇವನ್ನು ಮಾಧ್ಯಮ ಕಂಪ್ಯೂಟರಿಗೆಂದು ಯಾರೂ ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. 2017ರ ಜಿಟಿ 1030 ಬೇರೆಯೇ ಜಾತಿಯದು: 30 ವ್ಯಾಟ್, ಎಚ್‌ಇವಿಸಿ ಮತ್ತು ವಿಪಿ9 ಎರಡೂ ಸರಾಗ, 4ಕೆಗೆ 60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ), ಫ್ಯಾನ್ ಇಲ್ಲದ ಮಾದರಿಗಳೂ ಉಂಟು. ಇದರ ಡಬ್ಬಿಯನ್ನು ಮಾತ್ರ ತಿರುಗಿಸಿ ಓದಲೇಬೇಕು. ಜಿಡಿಡಿಆರ್5 ಮೆಮೊರಿಯ ಮೊದಲ ಮಾದರಿಯಲ್ಲಿ ಸೆಕೆಂಡಿಗೆ 48 ಜಿಬಿ ದತ್ತಾಂಶ ಹರಿದರೆ, 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ಮಾದರಿಯಲ್ಲಿ ಹರಿಯುವುದು ಸುಮಾರು 17 ಜಿಬಿ ಮಾತ್ರ. ಹಳೆಯ 1080 ಸಾಲಿನ ಚಿತ್ರವನ್ನು ಚೆನ್ನಾದ ಫಿಲ್ಟರ್ ಹಾಕಿ 4ಕೆಗೆ ಹಿಗ್ಗಿಸುವವರಿಗೆ ಈ ಅಂತರ ಎದ್ದು ಕಾಣುತ್ತದೆ.

ಎವಿ1 ಬೇಕೆನ್ನುವವರು ಇನ್ನೂ ಮುಂದೆ ಹೋಗಬೇಕು. ಎಎಂಡಿಯ ಆರ್‌ಎಕ್ಸ್ 6400 2022ರದ್ದಾದರೂ ಅದರಲ್ಲಿ ಎವಿ1 ಇಲ್ಲ. ಅದೇ ಸರಣಿಯ ದೊಡ್ಡ ಕಾರ್ಡುಗಳಲ್ಲಿ ಇರುವುದನ್ನು ಚಿಕ್ಕದರಿಂದ ತೆಗೆದಿದ್ದಾರೆ. ಇಂಟೆಲ್‌ನ ಆರ್ಕ್ ಎ310 ನನಗೆ ಹಿಡಿಸಿದ್ದು ಇಲ್ಲಿಯೇ. ಆಟಕ್ಕೆ ಸಾಧಾರಣ ಎನಿಸುವ ಈ ಪುಟ್ಟ ಕಾರ್ಡು ಎವಿ1 ಅನ್ನು ಬಿಡಿಸುವುದಷ್ಟೇ ಅಲ್ಲ, ಹೊಸದಾಗಿ ಕಟ್ಟಿಯೂ ಕೊಡುತ್ತದೆ, ಆದ್ದರಿಂದ ಮನೆಯ ಹಳೆಯ ವಿಡಿಯೊಗಳನ್ನು ಕುಗ್ಗಿಸಿ ಇಡುವವರಿಗೆ ಇದು ಎರಡು ಪಟ್ಟು ಉಪಯೋಗ. ಲಿನಕ್ಸ್ ಬಳಸುವವರು ಕರ್ನೆಲ್ 6.2 ಅಥವಾ ಅದಕ್ಕಿಂತ ಹೊಸದು ಇದೆಯೇ ಎಂದು ನೋಡಿಕೊಳ್ಳಬೇಕು. ಎನ್‌ವಿಡಿಯಾದಲ್ಲೇ ಇರಬೇಕೆಂದರೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050, 6 ಜಿಬಿ ಮಾದರಿ ಇದೆ, ಆದರೆ ಬರೀ ಸಿನಿಮಾ ನೋಡುವುದಕ್ಕೆ ಅದು ದುಬಾರಿ.

ಕಾರ್ಡ್ ಯಾವುದೇ ಇರಲಿ, ಕೊಳ್ಳುವ ಮುನ್ನ ಡಬ್ಬಿಯಲ್ಲಿ ಗಿಡ್ಡ ಬ್ರಾಕೆಟ್ (ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಲೋಹದ ಪಟ್ಟಿ) ಇದೆಯೇ ಎಂದು ತೆರೆಸಿ ನೋಡಿ; ಅದಿಲ್ಲದೆ ತೆಳ್ಳನೆಯ ಕ್ಯಾಬಿನೆಟ್ಟಿಗೆ ಕಾರ್ಡ್ ಕೂರುವುದಿಲ್ಲ. ಕಾರ್ಡ್ ಕೂರುವ ಸ್ಲಾಟ್ ಕೊಡುವ ವಿದ್ಯುತ್ತಿನ ಮಿತಿ 75 ವ್ಯಾಟ್, ಕಚೇರಿ ಯಂತ್ರಗಳ ಪವರ್ ಸಪ್ಲೈಯಲ್ಲಿ ಕಾರ್ಡಿಗೆ ಬೇರೆ ತಂತಿ ಸಾಮಾನ್ಯವಾಗಿ ಇರುವುದಿಲ್ಲ. ಫ್ಯಾನ್ ಇಲ್ಲದ ಕಾರ್ಡು ಮೌನವಾಗಿರುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ ಟಿವಿ ಸ್ಟ್ಯಾಂಡಿನೊಳಗೆ ಅದಕ್ಕೆ ಗಾಳಿಯೇ ಸಿಗದು. ಅಂಥ ಜಾಗಕ್ಕೆ ನಿಧಾನ ತಿರುಗುವ ಫ್ಯಾನ್ ಇರುವುದೇ ಮೇಲು.

ಜೋಡಿಸಿದ ಮೇಲೆ ಬಹಳ ಮಂದಿ ಬಿಟ್ಟುಬಿಡುವ ಒಂದು ಹೊಂದಾಣಿಕೆಯಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದು, ನಮ್ಮ ಟಿವಿ ಪ್ರಸಾರ 25ರದ್ದು. ಪರದೆಯನ್ನು ಸದಾ 60 ಹರ್ಟ್ಸ್‌ನಲ್ಲಿ ಇಟ್ಟರೆ ಇವೆರಡೂ ಸಮವಾಗಿ ಹಂಚಿಕೆಯಾಗವು, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಚಿತ್ರ ಸಣ್ಣಗೆ ಕುಲುಕುತ್ತದೆ. ಸಿನಿಮಾ ನೋಡುವ ‘ಕೋಡಿ’ ತಂತ್ರಾಂಶದ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಪರದೆಯ ಈ ಹರ್ಟ್ಸ್, ಅಂದರೆ ರಿಫ್ರೆಶ್ ದರ, ತಾನಾಗಿ ಬದಲಾಗುವಂತೆ ಮಾಡಿದರೆ ಆ ಕುಲುಕಾಟ ನಿಲ್ಲುತ್ತದೆ. ಕೆಲಸ ಕಾರ್ಡಿನಲ್ಲೇ ನಡೆಯುತ್ತಿದೆಯೇ ಎಂದು ನೋಡಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಜಿಪಿಯು ಪುಟದ ‘ವಿಡಿಯೊ ಡಿಕೋಡ್’ ರೇಖೆ ಗಮನಿಸಿ: ಸಿನಿಮಾ ಓಡುವಾಗ ಆ ರೇಖೆ ಏರಿ, ಪ್ರೊಸೆಸರ್ ರೇಖೆ ಕೆಳಗೇ ಉಳಿದಿದ್ದರೆ ಎಲ್ಲವೂ ಸರಿಯಾಗಿದೆ.