ಗೋದಾಮಿನ ಗೋಡೆಯ ಕಪ್ಪು: ಹಂಚಿನ ಚೂರುಗಳನ್ನು ಇಟ್ಟಾಯಿತು

ಈ ಭಾನುವಾರ ಹನ್ನೆರಡು ಚೂರುಗಳನ್ನೂ ಇಟ್ಟು ಬಂದೆ. ನಾಲ್ಕು, ದಕ್ಷಿಣ ಗೋವಾದ ಒಂದು ವಿಸ್ಕಿ ಗೋದಾಮಿನ ಬೇಲಿಯ ಹೊರಗೆ. ನಾಲ್ಕು, ಅಲ್ಲಿಂದ ಅರ್ಧ ಕಿಲೋಮೀಟರ್ ಆಚೆ. ಉಳಿದವು ಮಡಗಾಂವ್‌ನ ನಮ್ಮ ತಾರಸಿಯಲ್ಲಿ. ಎಲ್ಲವೂ ಒಂದೇ ರಾಶಿಯ ಮಂಗಳೂರು ಹಂಚುಗಳು, ಕುದಿಯುವ ನೀರಿನಲ್ಲಿ ತೊಳೆದವು. ಎಲ್ಲಿಟ್ಟವಕ್ಕೆ ಎಷ್ಟು ಕಪ್ಪು ಹಿಡಿಯುತ್ತದೆಂದು ನೋಡಬೇಕು.

ಇದಕ್ಕೆ ಕಾರಣ, ಬಣ್ಣ ಬಳಿಯುವ ಬಾಗಲಕೋಟೆಯ ಮೇಸ್ತ್ರಿ ಮಾರ್ಚ್‌ನಲ್ಲಿ ಕೇಳಿದ ಮಾತು: "ಆ ಗೋದಾಮಿನ ಗೋಡೆಗೆ ಎಷ್ಟು ಸಲ ಬಳಿದರೂ ಮತ್ತೆ ಕಪ್ಪಾಗುತ್ತದೆ, ಅಣ್ಣಾ. ಪಾಚಿಯಾಗಿದ್ದರೆ ಬೇಸಿಗೆಯಲ್ಲಿ ಒಣಗಿ ಉದುರಬೇಕಲ್ಲವೇ?"

ಎಂಥ ಒಳ್ಳೆಯ ಪ್ರಶ್ನೆ! ಉತ್ತರ ಹುಡುಕಿ ಓದುತ್ತ ಓದುತ್ತ ಫ್ರಾನ್ಸಿನ ಬ್ರಾಂದಿ ಊರಾದ ಕೊನ್ಯಾಕ್‌ಗೆ ಹೋಗಿ ಮುಟ್ಟಿದೆ. ಭಟ್ಟಿಗಳ ಸುತ್ತಲಿನ ಇಂಥದೇ ಕಪ್ಪನ್ನು ಔಷಧತಜ್ಞ ಬೋಡ್ವಾನ್ 1872ರಲ್ಲೇ ಗುರುತಿಸಿದ್ದರು. 2007ರಲ್ಲಿ ಕೆನಡಾದ ಜೇಮ್ಸ್ ಸ್ಕಾಟ್ ಮತ್ತು ಸಂಗಡಿಗರು ಆ ಶಿಲೀಂಧ್ರದ ಕುಲಕ್ಕೆ ಅವರ ಹೆಸರನ್ನೇ ಇಟ್ಟು 'ಬೋಡ್ವಾನಿಯಾ' ಎಂದರು. ವಿಸ್ಕಿ ತುಂಬಿಟ್ಟ ಮರದ ಪೀಪಾಯಿಗಳಿಂದ ಮದ್ಯಸಾರ ಸದಾ ಆವಿಯಾಗುತ್ತದೆ. ತಂಪು ನಾಡುಗಳಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2, ನಮ್ಮ ಸೆಖೆಯಲ್ಲಿ ಅದರ ಹಲವು ಪಟ್ಟು. ಆ ಆವಿ ಈ ಶಿಲೀಂಧ್ರಕ್ಕೆ ಆಹಾರ. ಅಷ್ಟೇ ಅಲ್ಲ, ಬೀಜಕಗಳನ್ನು ಎಚ್ಚರಿಸಿ, ಬಿಸಿಲನ್ನು ತಾಳುವ ಪ್ರೋಟೀನ್‌ಗಳನ್ನೂ ಅದರೊಳಗೆ ಹುಟ್ಟಿಸುತ್ತದೆ. ಆದ್ದರಿಂದಲೇ ಕಾದ ತಗಡಿನ ಮೇಲೂ ಅದು ಬದುಕುತ್ತದೆ. ಮೇಸ್ತ್ರಿಗೆ ಹೇಳಿದಾಗ ಬಹಳ ಹೊತ್ತು ತಲೆಯಾಡಿಸಿದರು.

ಏಪ್ರಿಲ್‌ನಲ್ಲಿ ಗೇರುಹಣ್ಣಿನ ಫೆನಿ ಭಟ್ಟಿಯೊಂದಕ್ಕೆ ಹೋದೆ. ಅಲ್ಲಿಯೂ ಇದೇ ಸಿಗುತ್ತದೆಂಬ ನನ್ನ ಊಹೆ ತಪ್ಪಾಯಿತು. ಮಾಡಿನ ಕಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಪೂರ್ತಿ ಬಂದುಬಿಟ್ಟಿತು. ಬರೀ ಹೊಗೆಯ ಮಸಿ. ಯೋಚಿಸಿದರೆ ಸಹಜವೇ: ಭಟ್ಟಿ ಉರಿಯುವುದು ಗೇರುಹಣ್ಣಿನ ಕಾಲದಲ್ಲಿ ಮಾತ್ರ, ಫೆನಿ ಕೂರುವುದು ಬಾಯಿ ಮುಚ್ಚಿದ ಗಾಜಿನ ದೊಡ್ಡ ಬುರುಡೆಗಳಲ್ಲಿ. ವರ್ಷವಿಡೀ ಮರದಿಂದ ಜಿನುಗುವ ಆವಿ ಅಲ್ಲಿಲ್ಲ.

ಮಾವಿನೆಲೆಯ ಕಪ್ಪು ಬೂಷ್ಟನ್ನೂ ನೋಡಿದೆ. ಅದು ಜಿಗಿಹುಳುಗಳ ಅಂಟಿನ ಮೇಲೆ ಬೆಳೆಯುವಂಥದ್ದು, ಉಗುರಿನಿಂದ ಹಾಳೆಯಂತೆ ಏಳುತ್ತದೆ.

ಗೋದಾಮಿನ ಬೇಲಿಕಂಬದ್ದು ಮಾತ್ರ ಏಳಲಿಲ್ಲ. ಒರಟು, ಸುಟ್ಟ ರೊಟ್ಟಿಯ ತಳದಂತೆ. ಅಂಟುಪಟ್ಟಿಯಲ್ಲಿ ಎತ್ತಿ, ಕಾಗದದ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್‌ನಲ್ಲಿಟ್ಟೆ. ದಪ್ಪ ಗೋಡೆಯ ಕಂದು ಕೋಶಗಳ ಸರಗಳು ಕಂಡವು. ನಡುವೆ ಅಡ್ಡಗೆರೆ ಎಳೆದಂಥ, ಎರಡು ಕೋಶದ ಬೀಜಕಗಳೂ ಇದ್ದವು. ಬೋಡ್ವಾನಿಯಾದ ವಿವರಣೆಗೆ ಹೊಂದುತ್ತದೆ, ಮೈ ನವಿರೇಳಿತು. ಆದರೆ ಈ ಕುಲದಲ್ಲಿ ಹಲವು ಪ್ರಭೇದಗಳಿವೆ, ಡಿಎನ್‌ಎ ನೋಡದೆ ಹೆಸರಿಡುವುದು ಸರಿಯಲ್ಲ. ಪುಸ್ತಕದಲ್ಲಿ 'ಕಪ್ಪು ಶಿಲೀಂಧ್ರ, ಬೇಲಿಕಂಬ' ಎಂದಷ್ಟೇ ಬರೆದಿದ್ದೇನೆ.

ಇದರ ಬೆಳವಣಿಗೆ ನಿಧಾನ. ಪ್ರತಿ ತಿಂಗಳ ಮೊದಲ ಭಾನುವಾರ, ಒಂದೇ ಹೊತ್ತಿನಲ್ಲಿ, ಬಿಳಿ ಕಾಗದ ಪಕ್ಕದಲ್ಲಿಟ್ಟು ಫೋಟೋ ತೆಗೆಯುತ್ತೇನೆ. ಮೇಸ್ತ್ರಿಯವರೂ ಒಂದು ಚೂರು ಕೇಳಿ ಪಡೆದು, ಗೋದಾಮಿನಿಂದ ಎರಡು ಬೀದಿ ಆಚೆಯ ತಮ್ಮ ಬಾಡಿಗೆ ಕೋಣೆಯ ಮಾಡಿನ ಮೇಲೆ ಇಟ್ಟುಕೊಂಡಿದ್ದಾರೆ. ಈಗ ಹದಿಮೂರಾಯಿತು.