ಕೆಂಪು ಹರಳು ಅಸಲಿಯಾ ಅಂತ ಕೇಳಬೇಡಿ

ಮುಂಬೈನ ಆಪೇರಾ ಹೌಸ್ ಹತ್ತಿರ ಬಣ್ಣದ ಹರಳಿನ ವ್ಯಾಪಾರ ಮಾಡುವ ಒಂದು ಆಫೀಸಿನಲ್ಲಿ ನನ್ನ ಕೆಲಸ. ಪೊಟ್ಟಣ ಬಿಚ್ಚುವುದು, ವಿಂಗಡಿಸುವುದು, ತೂಗುವುದು, ಮತ್ತೆ ಕಟ್ಟಿಡುವುದು. ಹಾಗಾಗಿ ಡೊಂಬಿವಲಿಯ ಕನ್ನಡದವರ ಮನೆಗಳಲ್ಲಿ ಮದುವೆ ಇರಲಿ, ಗಣಪತಿ ಪೂಜೆ ಇರಲಿ, ಯಾರಾದರೂ ಒಬ್ಬರು ಉಂಗುರ ಕಳಚಿ ನನ್ನ ಅಂಗೈಗೆ ಇಟ್ಟೇ ಇಡುತ್ತಾರೆ. ಎಲೆ ಮುಂದೆ ಕೂತಿದ್ದರೂ ಬಿಡುವುದಿಲ್ಲ. "ಸ್ವಲ್ಪ ನೋಡಿ ಹೇಳಿ, ಈ ಮಾಣಿಕ್ಯ ಅಸಲಿಯಾ?"

ಅಸಲಿ ಅಂದರೆ ಖುಷಿಯಾಗಿ ಹೋಗುತ್ತಾರೆ. ಆದರೆ ಆ ಉತ್ತರದಿಂದ ಬೆಲೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನೆಲದಿಂದ ತೆಗೆದ ಒಂದು ಹರಳು ಕ್ಯಾರೆಟ್ಟಿಗೆ ಕೆಲವು ನೂರು ರೂಪಾಯಿಗೆ ಸಿಗಬಹುದು. ನೆಲದಿಂದಲೇ ತೆಗೆದ ಇನ್ನೊಂದಕ್ಕೆ ದಾದರ್‌ನಲ್ಲಿ ಫ್ಲ್ಯಾಟ್ ಕೊಳ್ಳುವಷ್ಟು ದುಡ್ಡು ಸುರಿಯಬೇಕಾದೀತು. ಎರಡೂ ಅಸಲಿಯೇ. ನಿಜವಾಗಿ ಕೇಳಬೇಕಾದ್ದು ಬೇರೆ: ನೆಲದಿಂದ ಹೊರಗೆ ಬಂದ ಮೇಲೆ ಇದಕ್ಕೆ ಏನೇನು ಮಾಡಿದ್ದಾರೆ?

ಮಾಣಿಕ್ಯ ಅಂದರೆ ಕುರುಂದ ಎಂಬ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ. ಶುದ್ಧವಾಗಿದ್ದರೆ ಬಣ್ಣವೇ ಇರುವುದಿಲ್ಲ. ಅದರೊಳಗೆ ಒಂಚೂರು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ, ಟೈಟಾನಿಯಂ ಸೇರಿದರೆ ಅದೇ ಕಲ್ಲು ನೀಲ. ಕೇಳಲು ಸುಲಭ, ಆದರೆ ಕುರುಂದ ಬೆಳೆಯಬೇಕಾದರೆ ಸುತ್ತಮುತ್ತ ಸಿಲಿಕಾ ಇರಬಾರದು, ಭೂಮಿಯಲ್ಲಿ ನೋಡಿದಲ್ಲೆಲ್ಲ ಸಿಲಿಕಾನೇ. ಮೇಲಿಂದ ಕ್ರೋಮಿಯಂ ಬೇಕು, ಅದು ಅಲ್ಯೂಮಿನಿಯಂ ಇರುವ ಕಡೆ ಅಷ್ಟಾಗಿ ಇರುವುದಿಲ್ಲ. ಬರ್ಮಾದ ಮೊಗೋಕ್‌ನಲ್ಲಿ ಇವೆರಡೂ ಕೂಡಿಬಂದದ್ದು ನಮ್ಮ ಭಾರತದ ನೆಲ ಹೋಗಿ ಏಷ್ಯಾಕ್ಕೆ ಗುದ್ದಿದ ಕಾಲದಲ್ಲಿ, ಸುಣ್ಣದಕಲ್ಲು ಬೆಂದು ಅಮೃತಶಿಲೆಯಾದಾಗ. ಆ ಅಮೃತಶಿಲೆಯಲ್ಲಿ ಕಬ್ಬಿಣ ತೀರಾ ಕಡಿಮೆ. ಮೊಗೋಕ್ ಹರಳು ಹೆಸರುವಾಸಿಯಾಗಲು ಇದೇ ಕಾರಣ.

ಯಾಕೆಂದರೆ ಕ್ರೋಮಿಯಂ ಕೆಂಪು ಬಣ್ಣ ಕೊಟ್ಟು ಸುಮ್ಮನಾಗುವುದಿಲ್ಲ. ಬಿಸಿಲು ಬಿದ್ದರೆ, ಅಲ್ಟ್ರಾವಯಲೆಟ್ ದೀಪ ಬಿದ್ದರೆ, ಹರಳು ಒಳಗಿನಿಂದ ತಾನೇ ಕೆಂಪಗೆ ಬೆಳಗುತ್ತದೆ. ಕಬ್ಬಿಣ ಈ ಬೆಳಕನ್ನು ನುಂಗಿಬಿಡುತ್ತದೆ. ಹಳೆಯ ಥಾಯ್ಲೆಂಡ್ ಮಾಲಿನಲ್ಲಿ ಕಬ್ಬಿಣ ಜಾಸ್ತಿ, ಅದಕ್ಕೇ ಅದು ಎಷ್ಟು ಸ್ವಚ್ಛವಾಗಿದ್ದರೂ ಸ್ವಲ್ಪ ಕಂದು, ಸ್ವಲ್ಪ ಕಪ್ಪು ಕಾಣುತ್ತದೆ. ಎರಡನ್ನೂ ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟರೆ ಲೂಪ್, ಅಂದರೆ ಹರಳು ನೋಡುವ ಪುಟ್ಟ ಭೂತಗನ್ನಡಿ, ಕೂಡ ಬೇಡ, ಬರಿಗಣ್ಣಿಗೇ ಗೊತ್ತಾಗುತ್ತದೆ.

ಆದರೆ ಅಂಗಡಿಯ ದೀಪದ ಕೆಳಗೆ ಗೊತ್ತಾಗುವುದಿಲ್ಲ. ಹಳದಿ ದೀಪದಲ್ಲಿ ಯಾವ ಕೆಂಪು ಹರಳೂ ಚೆನ್ನಾಗಿಯೇ ಕಾಣುತ್ತದೆ, ಝವೇರಿ ಬಜಾರ್‌ನ ಒಳಗಿನ ಸಣ್ಣ ಅಂಗಡಿಗಳಲ್ಲಂತೂ ಬರೀ ದೀಪವೇ. ನಾಚಿಕೆ ಬಿಟ್ಟು ಬಾಗಿಲ ಹತ್ತಿರ ತನ್ನಿ. ನೇರ ಬಿಸಿಲು ಬೇಡ, ಹಗಲಿನ ತಂಪು ಬೆಳಕು ಸಾಕು. ಹರಳನ್ನು ಅಲ್ಲಾಡಿಸಿ. ಎಷ್ಟು ಭಾಗ ಕೆಂಪು, ಎಷ್ಟು ಭಾಗ ಕಪ್ಪಾಗಿ ಸತ್ತಿದೆ ನೋಡಿ. ನಡುಭಾಗ ನೀರಿನ ಹಾಗೆ ಬಿಳಿಚಿ ಕೆಳಗಿನ ಕಾಗದ ಕಾಣುತ್ತಿದ್ದರೆ ಕಟಿಂಗ್ ಸರಿ ಇಲ್ಲ ಎಂದರ್ಥ. ತೂಕ ಉಳಿಸಲು ಕಲ್ಲನ್ನು ಚಪ್ಪಟೆಯಾಗಿ ಬಿಟ್ಟಿರುತ್ತಾರೆ. ನೀವು ಆ ತೂಕಕ್ಕೂ ದುಡ್ಡು ಕೊಡುತ್ತೀರಿ, ಬಣ್ಣ ಮಾತ್ರ ಅಂಚಿನಲ್ಲಷ್ಟೇ.

ಇನ್ನು ಒಳಗಿನ ದೋಷದ ವಿಷಯ. ವಜ್ರ ಕೊಂಡು ಅಭ್ಯಾಸ ಇರುವವರು ಮಾಣಿಕ್ಯವೂ ಗಾಜಿನ ಹಾಗೆ ತಿಳಿಯಾಗಿರಬೇಕು ಅಂದುಕೊಳ್ಳುತ್ತಾರೆ. ದೊಡ್ಡ ಹರಳು, ಒಳ್ಳೆಯ ಕೆಂಪು, ಒಳಗೆ ಏನೂ ಇಲ್ಲ, ರೇಟೂ ಕಡಿಮೆ ಅಂದರೆ ನನಗಂತೂ ಮೊದಲು ಅನುಮಾನವೇ ಬರುವುದು. ಬರ್ಮಾದ ಒಳ್ಳೆಯ ಹರಳಿನಲ್ಲಿ ರೂಟೈಲ್ ಎಂಬ ಖನಿಜದ ಎಳೆಗಳಿರುತ್ತವೆ, ಕೂದಲಿಗಿಂತ ಸಣ್ಣವು, ಒಂದಕ್ಕೊಂದು ಅರವತ್ತು ಡಿಗ್ರಿ ಕೋನದಲ್ಲಿ ಹೆಣೆದುಕೊಂಡಿರುತ್ತವೆ. ನಮ್ಮವರು ರೇಷ್ಮೆ ಅನ್ನುತ್ತಾರೆ. ಅದು ಹದವಾಗಿದ್ದರೆ ಬೆಳಕು ಒಳಗೆಲ್ಲ ಹರಡಿ ಕಪ್ಪು ಭಾಗ ಕಡಿಮೆಯಾಗುತ್ತದೆ, ಬಣ್ಣ ಮೆತ್ತಗಾಗುತ್ತದೆ. ಹೆಚ್ಚಿನ ಶಾಖ ತಗುಲಿದರೆ ಈ ಎಳೆಗಳು ಕರಗಿ ಚುಕ್ಕೆಚುಕ್ಕೆಯಾಗುತ್ತವೆ. ಅಂದರೆ ಎಳೆಗಳು ಚೂಪಾಗಿ, ಮುರಿಯದೆ ಉಳಿದಿದ್ದರೆ ಆ ಹರಳು ಭಟ್ಟಿ ಕಂಡಿಲ್ಲ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ದೋಷ ಅಂತ ಅಂದುಕೊಂಡಿದ್ದೇ ಬೆಲೆ ಏರಿಸುತ್ತದೆ. ನನಗೆ ಈ ಕಸುಬಿನಲ್ಲಿ ಬಹಳ ಇಷ್ಟವಾದ ವಿಷಯ ಇದು.

ಭಟ್ಟಿಯಲ್ಲಿ ಕಾಯಿಸುವುದು ಮೋಸ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊದುಕೊಳವೆ ಹಿಡಿದು ಇದ್ದಿಲಲ್ಲಿ ಕಾಯಿಸುವ ಪದ್ಧತಿ ನಮ್ಮ ಕಡೆ, ಲಂಕೆಯ ಕಡೆ ಶತಮಾನಗಳಿಂದ ಇದೆ. ಈಗ ಮಾರ್ಕೆಟ್ಟಿನಲ್ಲಿರುವ ಮಾಣಿಕ್ಯದಲ್ಲಿ ಬಹುಪಾಲು ಕಾಯಿಸಿದ್ದೇ. ಬರೀ ಶಾಖ ಕೊಟ್ಟಿದ್ದರೆ ಬಣ್ಣ ಶಾಶ್ವತ, ತೊಂದರೆ ಇಲ್ಲ. 1990ರ ದಶಕದ ಆರಂಭದಲ್ಲಿ ಬರ್ಮಾದಲ್ಲೇ ಮೊಂಗ್ ಶು ಎಂಬ ಹೊಸ ಜಾಗ ಸಿಕ್ಕಿತು. ಅಲ್ಲಿನ ಕಲ್ಲಿನ ನಡುವೆ ಕಪ್ಪುನೀಲಿ ತಿರುಳು, ತುಂಬ ಬಿರುಕು. ಥಾಯ್ಲೆಂಡಿನವರು ಬೆಳಿಗಾರ ಹಾಕಿ ಕಾಯಿಸಿದರು. ನೀಲಿ ಹೋಯಿತು, ಬಿರುಕುಗಳೂ ಬೆಸೆದುಕೊಂಡವು. ಆದರೆ ಬೆಸುಗೆಯ ಜಾಗದಲ್ಲಿ ಗಾಜಿನಂಥ ಶೇಷ ಉಳಿಯಿತು. ಹೀಗಾಗಿ ಈಗ ಹರಳು ಪರೀಕ್ಷಿಸುವ ಲ್ಯಾಬ್‌ನವರು ಕಾಯಿಸಿದ್ದು ಅಂತ ಬರೆದು ಬಿಡುವುದಿಲ್ಲ, ಶೇಷ ಎಷ್ಟಿದೆ ಅಂತಲೂ ಬರೆಯುತ್ತಾರೆ. ಆ ಒಂದು ಸಾಲಿನಿಂದಲೇ ರೇಟು ಬಹಳ ಕೆಳಗಿಳಿಯಬಹುದು.

ಹೆದರಬೇಕಾದ್ದು ಸೀಸದ ಗಾಜು ತುಂಬಿದ ಮಾಲಿಗೆ. 2004ರ ಸುಮಾರಿಗೆ ಇದು ಮಾರ್ಕೆಟ್ಟಿಗೆ ಬಂತು. ಮೊದಲಾದರೆ ಬಿಸಾಡುತ್ತಿದ್ದ ಬಿರುಕು ಬಿರುಕಾದ, ಬಿಳಿಚಿಕೊಂಡ ಕುರುಂದಕ್ಕೆ ಸೀಸ ಬೆರೆತ ಗಾಜು ಕರಗಿಸಿ ತುಂಬುತ್ತಾರೆ. ಬಿರುಕು ಮಾಯ, ಹರಳು ಫಳಫಳ. ಲೂಪ್ ಹಿಡಿದು ತಿರುಗಿಸಿದರೆ ಬಿರುಕಿನ ಜಾಗದಲ್ಲಿ ಒಮ್ಮೆ ನೀಲಿ ಮಿಂಚು ಹಾಯುತ್ತದೆ, ಚಪ್ಪಟೆ ಗುಳ್ಳೆ ಕಾಣುತ್ತವೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಇಂಥ ಹರಳಿಗೆ ನಿಂಬೆರಸ ಸಾಕು, ಗಾಜು ಹಾಳಾಗಿ ಬಿಳಿ ಗೀರು ಮೂಡುತ್ತದೆ. ಉಂಗುರ ಬಿಗಿಯಾಯಿತು ಅಂತ ಅಕ್ಕಸಾಲಿಗೆ ಕೊಟ್ಟು ಅವನು ಗ್ಯಾಸ್ ಬತ್ತಿ ಹಿಡಿದರೆ ಕಥೆ ಮುಗಿಯಿತು. ಇದೂ ಅಸಲಿ ಮಾಣಿಕ್ಯವೇ ಅಂತ ವಾದಿಸಬಹುದು, ವಾದಿಸುತ್ತಾರೆ ಕೂಡ! ಅದಕ್ಕೇ ಆ ಪ್ರಶ್ನೆ ಬೇಡ ಅಂದದ್ದು.

ಹಾಗಾದರೆ ಹಳೆಯ ಒಡವೆ ನಂಬಬಹುದಲ್ವಾ ಅಂತ ಕೇಳುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರದ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಅಜ್ಜಿಯ ಕೆಂಪಿನ ಓಲೆಯಿಂದ ಒಂದು ಹರಳು ಉದುರಿತು ಅಂತ ಕಾಗದದಲ್ಲಿ ಸುತ್ತಿ ತಂದರು. ಹಳೆಯ ಒಡವೆಗಳಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತಾರೆ, ಕೆಳಗೆ ಅರಗು, ಅದರ ಮೇಲೆ ಹೊಳೆಯುವ ತಗಡು. ಕೂರಿಸಿದ್ದಾಗ ಒಳಗೆ ಏನಿದೆ ಹೇಳುವುದೇ ಕಷ್ಟ, ಅರ್ಧ ಬಣ್ಣ ತಗಡಿನದ್ದೂ ಆಗಿರಬಹುದು. ಉದುರಿದ್ದು ಒಳ್ಳೆಯದೇ ಆಯಿತು. ಅಡುಗೆಮನೆ ಕಿಟಕಿಯ ಹತ್ತಿರ ಚಿಮಟದಲ್ಲಿ ಹಿಡಿದು ಲೂಪ್‌ನಲ್ಲಿ ನೋಡಿದೆ. ಒಳಗೆ ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಬಾಗಿದ ಗೆರೆಗಳು, ಅಂಚಿನಲ್ಲಿ ಎರಡು ದುಂಡನೆಯ ಗುಳ್ಳೆ. ನೆಲದಲ್ಲಿ ಬೆಳೆದ ಹರಳಿನಲ್ಲಿ ಗೆರೆ ನೇರವಾಗಿರುತ್ತವೆ, ಕೋನ ಮಾಡಿ ತಿರುಗುತ್ತವೆ. ಬಾಗುವುದಿಲ್ಲ.

"ಅಕ್ಕ, ಇದು ಸಿಂಥೆಟಿಕ್" ಅಂದೆ.

"ಅಜ್ಜಿ ಮದುವೆಗೆ ಹಾಕಿದ್ದು ಮಾರಾಯ. ಆಗೆಲ್ಲ ಮೆಷಿನ್ ಎಲ್ಲಿತ್ತು?"

ಇತ್ತು. ಫ್ರಾನ್ಸಿನ ವರ್ನೊಯ್ ಎಂಬ ರಸಾಯನಶಾಸ್ತ್ರಜ್ಞ 1902ರಲ್ಲೇ ಇದನ್ನು ಜಗತ್ತಿಗೆ ತೋರಿಸಿದ್ದ. ಅಲ್ಯೂಮಿನಾ ಪುಡಿಯನ್ನು ಜ್ವಾಲೆಯ ಮೂಲಕ ಉದುರಿಸಿದರೆ ಅದು ಕರಗಿ ಕೆಳಗೆ ಹನಿಹನಿಯಾಗಿ ಹರಳುಗಟ್ಟುತ್ತದೆ, ಕೆಲವೇ ಗಂಟೆಯ ಕೆಲಸ. ದಕ್ಷಿಣದ ಒಡವೆಗಳಿಗೆ ಆ ಹರಳು ಸಾಕಷ್ಟು ಬಂದಿದೆ. ಮನೆಯಲ್ಲಿ ಹಳೆಯ ಎಚ್‌ಎಂಟಿ ವಾಚ್ ಇದ್ದರೆ ಅದರ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರುತ್ತದೆ ನೋಡಿ, ಅವೂ ಇದೇ ಜಾತಿ. ಅಕ್ಕನಿಗೆ ಬೇಜಾರಾಯಿತು. ಆದರೆ ಓಲೆಯ ಚಿನ್ನ, ಕೆಲಸ ಎರಡೂ ಬಹಳ ಚೆನ್ನಾಗಿತ್ತು, ಅದನ್ನೇ ಮತ್ತೆ ಕೂರಿಸಲು ಹೇಳಿದೆ.

ರಾಜರೂ ಹೀಗೇ ಏಮಾರಿದ್ದಾರೆ ಬಿಡಿ. ಬ್ರಿಟನ್ನಿನ ಕಿರೀಟದ ಎದುರಿಗಿರುವ ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ, ಮೊಗಲರ ಹೆಸರು ಕೆತ್ತಿದ ತೈಮೂರ್ ಮಾಣಿಕ್ಯ, ಎರಡೂ ಮಾಣಿಕ್ಯವಲ್ಲ, ಸ್ಪಿನೆಲ್. ಕೆಂಪು ಬರುವುದು ಅದಕ್ಕೂ ಕ್ರೋಮಿಯಂನಿಂದಲೇ, ಕಲ್ಲು ಬೇರೆ. 1520ರ ಆಸುಪಾಸಿನಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಹಂಪಿಯ ಬೀದಿಯಲ್ಲಿ ಕಂಡ ಮಾಣಿಕ್ಯಗಳಲ್ಲೂ ಎಷ್ಟು ಸ್ಪಿನೆಲ್ ಇತ್ತೋ! ಎರಡೂ ಬೇರೆ ಅಂತ ಸ್ಪಷ್ಟವಾದದ್ದು 1783ರಲ್ಲಿ. ಡೈಕ್ರೋಸ್ಕೋಪ್ ಎಂಬ ಪುಟ್ಟ ಕೊಳವೆ ಇದ್ದರೆ ನೀವೇ ನೋಡಬಹುದು. ಮಾಣಿಕ್ಯ ಎರಡು ಕೆಂಪು ತೋರಿಸುತ್ತದೆ, ಒಂದು ನೇರಳೆಗೆ ತಿರುಗಿದ್ದು, ಇನ್ನೊಂದು ಕಿತ್ತಳೆಗೆ ತಿರುಗಿದ್ದು. ಸ್ಪಿನೆಲ್ ಒಂದೇ ಬಣ್ಣ ತೋರಿಸುತ್ತದೆ. ಒಳ್ಳೆಯ ಕೆಂಪು ಸ್ಪಿನೆಲ್‌ಗೆ ಈಗ ಅದರದ್ದೇ ಗಿರಾಕಿ, ಅದೇನು ಅಗ್ಗದ ಮಾಲಲ್ಲ.

ಸರ್ಟಿಫಿಕೇಟ್ ಬಗ್ಗೆಯೂ ಹೇಳಬೇಕು. ಎಲ್ಲರಿಗೂ ಪಾರಿವಾಳದ ರಕ್ತ, ಅಂದರೆ ಅತಿ ಒಳ್ಳೆಯ ಗಾಢ ಕೆಂಪು, ಅಂತ ಬರೆದಿರುವ ಕಾಗದವೇ ಬೇಕು. ಆ ಮಾತನ್ನು ಒಂದೊಂದು ಲ್ಯಾಬ್ ಒಂದೊಂದು ಅಳತೆಗೆ ಬಳಸುತ್ತಿತ್ತು. ಸ್ವಿಟ್ಜರ್ಲೆಂಡಿನ ಗ್ಯೂಬೆಲಿನ್ ಮತ್ತು ಎಸ್‌ಎಸ್‌ಇಎಫ್ ಎಂಬ ಎರಡು ಲ್ಯಾಬ್‌ಗಳು ಕೂತು ಒಂದೇ ಅಳತೆಗೆ ಒಪ್ಪಿದ್ದು 2015ರಲ್ಲಿ. ಹಾಗಾಗಿ ಏನು ಬರೆದಿದೆ ಅನ್ನುವುದಕ್ಕಿಂತ ಮೊದಲು ಯಾರು ಬರೆದದ್ದು ನೋಡಿ. ಆಮೇಲೆ ಕಣ್ಣು ಓಡಬೇಕಾದ್ದು ಕೆಳಗಿನ ಸಾಲಿಗೆ. ಶಾಖದ ಗುರುತಿಲ್ಲ ಅಂತ ಇದೆಯಾ, ಇದೆ ಅಂತ ಬರೆದಿದ್ದಾರಾ, ಗಾಜು ತುಂಬಿದ ಮಾತಿದೆಯಾ? ಬಣ್ಣ ನಿಮ್ಮ ಕಣ್ಣಿಗೇ ಕಾಣುತ್ತದೆ. ಈ ಸಾಲು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಲ್ಯಾಬಿಗೆ ದುಡ್ಡು ಕೊಡುವುದು.

ಊರಿನ ಹೆಸರಿಗೂ ಬೆಲೆ ಇದೆ, ಅದೂ ಚಿಕ್ಕ ಬೆಲೆಯಲ್ಲ. 2015ರಲ್ಲಿ ಜಿನೀವಾದ ಸೋದಬಿ ಹರಾಜಿನಲ್ಲಿ ಸನ್‌ರೈಸ್ ರೂಬಿ ಎಂಬ ಬರ್ಮಾ ಹರಳು ಸುಮಾರು 3.03 ಕೋಟಿ ಡಾಲರಿಗೆ ಹೋಯಿತು, ತೂಕ 25.59 ಕ್ಯಾರೆಟ್. 2023ರಲ್ಲಿ ನ್ಯೂಯಾರ್ಕಿನಲ್ಲಿ ಮೊಜಾಂಬಿಕ್‌ನ ಎಸ್ಟ್ರೆಲಾ ದ ಫುರಾ ಸುಮಾರು 3.48 ಕೋಟಿ ಡಾಲರ್ ತಂದಿತು, ತೂಕ 55.22 ಕ್ಯಾರೆಟ್. ಎರಡೂ ಕಾಯಿಸದ ಹರಳು. ಒಟ್ಟು ಮೊತ್ತದಲ್ಲಿ ಮೊಜಾಂಬಿಕ್ ಮುಂದೆ. ಕ್ಯಾರೆಟ್ಟಿಗೆ ಲೆಕ್ಕ ಹಾಕಿದರೆ ಬರ್ಮಾದ್ದು ಸುಮಾರು 11.8 ಲಕ್ಷ ಡಾಲರ್, ಮೊಜಾಂಬಿಕ್‌ದ್ದು 6.3 ಲಕ್ಷ. ವರ್ಷ ಬೇರೆ, ಗಿರಾಕಿ ಬೇರೆ, ನಿಜ. ಆದರೂ ಅಷ್ಟು ದೊಡ್ಡ ಅಂತರದಲ್ಲಿ ಮೊಗೋಕ್ ಎಂಬ ಹೆಸರಿನ ಪಾಲು ಸಣ್ಣದಲ್ಲ. ನನ್ನನ್ನು ಕೇಳಿದರೆ, ನಮ್ಮಂಥವರು ಆ ಹೆಸರಿಗೆ ದುಡ್ಡು ಸುರಿಯುವುದು ಬೇಡ. 2009ರಲ್ಲಿ ಮೊಂಟೆಪುಯೆಜ್‌ನಲ್ಲಿ ಗಣಿ ಸಿಕ್ಕ ಮೇಲೆ ಒಳ್ಳೆಯ ಬಣ್ಣದ, ಕಾಯಿಸದ ಮೊಜಾಂಬಿಕ್ ಮಾಲು ಬರುತ್ತಲೇ ಇದೆ. ಅದೇ ದುಡ್ಡಿಗೆ ಇನ್ನೂ ಚೆಂದದ ಹರಳು ಸಿಗುತ್ತದೆ.

ಕೊನೆಗೆ ತೂಕ. ಜೋಯಿಸರು ಐದು ರತ್ತಿ ಮಾಣಿಕ್ಯ ಹಾಕಿ ಅಂತಾರೆ. ರತ್ತಿಯಲ್ಲಿ ಎರಡು ಲೆಕ್ಕ ಇದೆ. ಒಂದು ಸುಮಾರು 0.12 ಗ್ರಾಂ, ಇನ್ನೊಂದು ಸುಮಾರು 0.18 ಗ್ರಾಂ. ಒಂದರ ಪ್ರಕಾರ ಐದು ರತ್ತಿ ಅಂದರೆ 3 ಕ್ಯಾರೆಟ್, ಇನ್ನೊಂದರ ಪ್ರಕಾರ ನಾಲ್ಕೂವರೆ. ರೇಟು ಒಂದು ರತ್ತಿಯಲ್ಲಿ ಹೇಳಿ ಇನ್ನೊಂದರಲ್ಲಿ ತೂಗಿಕೊಟ್ಟರೆ ನಿಮಗೆ ಗೊತ್ತೂ ಆಗುವುದಿಲ್ಲ. ಕ್ಯಾರೆಟ್ಟಿನಲ್ಲೇ ಹೇಳಿ ಅನ್ನಿ, ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದಕ್ಕೆ ಎರಡು ಲೆಕ್ಕ ಇಲ್ಲ. ಇನ್ನೊಂದು, ಒಡವೆ ಕೊಳ್ಳುವಾಗ ಬಿಲ್ಲಿನಲ್ಲಿ ಹರಳಿನ ತೂಕ ಬೇರೆ, ಚಿನ್ನದ ತೂಕ ಬೇರೆ ಬರೆಸಿಕೊಳ್ಳಿ. ಮುಂದೆ ಮಾರಲು ಹೋದ ದಿನ ಹರಳಿನ ತೂಕ ಕಳೆದೇ ಕಳೆಯುತ್ತಾರೆ. ಕೊಳ್ಳುವ ದಿನ ಅದನ್ನೂ ಚಿನ್ನದ ರೇಟಿಗೆ ತೂಗಿದ್ದರೆ ಆ ನಷ್ಟ ನಿಮ್ಮದೇ.