ಅಪ್ಪನ ಕಾಫಿ ರೇಟಿಗೊಂದು ಎಕ್ಸ್‌ಟೆನ್ಷನ್

ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ರೇಟು ಪೌಂಡಿಗೆ ಇಷ್ಟು ಸೆಂಟ್ ಅಂತ ಇರುತ್ತದೆ. ಚಿಕ್ಕಮಗಳೂರಿನಲ್ಲಿ ನಮ್ಮಪ್ಪನ ಲೆಕ್ಕ 50 ಕೆಜಿ ಮೂಟೆಗೆ, ರೂಪಾಯಿಯಲ್ಲಿ. ಅದಕ್ಕೇ ಕ್ರೋಮ್ ಬ್ರೌಸರಿಗೆ ಒಂದು ಪುಟ್ಟ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂ, ಬರೆದೆ.

ಬೇಕಾದದ್ದು ಎರಡೇ ಫೈಲು. ಮ್ಯಾನಿಫೆಸ್ಟ್.ಜೇಸನ್‌ನಲ್ಲಿ ಹೆಸರು, ಆವೃತ್ತಿ, ಯಾವ ಸೈಟಿನಲ್ಲಿ ಓಡಬೇಕು ಎಂಬುದು. ಇನ್ನೊಂದು ಕಂಟೆಂಟ್ ಸ್ಕ್ರಿಪ್ಟ್, ಮಾಮೂಲಿ ಜಾವಾಸ್ಕ್ರಿಪ್ಟೇ. ಪುಟ ತೆರೆದಾಗ ಬ್ರೌಸರ್ ಅದನ್ನು ಒಳಗೆ ಓಡಿಸುತ್ತದೆ. ಅದು ರೇಟು ಹುಡುಕಿ, 110.23ರಿಂದ ಗುಣಿಸಿ (50 ಕೆಜಿಗೆ ಅಷ್ಟು ಪೌಂಡು), 100ರಿಂದ ಭಾಗಿಸಿ (ಸೆಂಟು ಡಾಲರ್ ಆಗಲು), ರೂಪಾಯಿಗೆ ತಿರುಗಿಸಿ ಪಕ್ಕದಲ್ಲೇ ಬರೆಯುತ್ತದೆ. ಪಾರ್ಚ್‌ಮೆಂಟಿನ (ಒಳಸಿಪ್ಪೆ ತೆಗೆಯದ ಕಾಫಿ ಬೀಜ) ರೇಟು ಬೇರೆ, ಆದರೂ ಅಂದಾಜು ಸಿಗುತ್ತದೆ.

ಅನುಮತಿ ಆ ಒಂದೇ ಸೈಟಿಗೆ. ಎಲ್ಲ ಸೈಟಿಗೂ ಸುಮ್ನೆ ಕೊಟ್ಟರೆ ಬ್ಯಾಂಕಿನ ಪುಟವನ್ನೂ ಓದಬಹುದು, ಅಲ್ವಾ?

ಕ್ರೋಮ್‌ನ ಎಕ್ಸ್‌ಟೆನ್ಷನ್ ಪುಟದಲ್ಲಿ ಡೆವಲಪರ್ ಮೋಡ್ ಹಾಕಿ, 'ಲೋಡ್ ಅನ್‌ಪ್ಯಾಕ್ಡ್' ಒತ್ತಿ ಫೋಲ್ಡರ್ ತೋರಿಸಿದರೆ ಆಯಿತು. ಕಾಫಿಯ ಇನ್ನೊಂದು ಬಗೆ ರೊಬಸ್ಟಾ, ಲಂಡನ್ನಿನಲ್ಲಿ ಟನ್ನಿಗೆ ಡಾಲರ್ ಲೆಕ್ಕ. ಅದನ್ನು ಮುಂದೆ ಸೇರಿಸುತ್ತೇನೆ.